ಕುಂಬಳ ಬಳ್ಳಿ ತವರಿಗೆ ಹೋದದ್ದು

ಮಾಸ್ತರಿಕಿ ಮಾಡಿದವನಿಗೆ ನಗೂ ಪ್ರಸಂಗಕ್ಕ ಕಡಿಮಿ ಇಲ್ಲ. ಕರೀದಿದ್ರೂ ಬರ್ತಾವ, ಬ್ಯಾಡ ಅಂದ್ರೂ ಬರ್ತಾವ. ನಗಬೇಕು ಅನಸಿದ ಹೊತ್ತಿಗೆ ಮಾತ್ರ ಒಂದೂ ಬರೂದಿಲ್ಲ. ನನ್ನ ಮಟ್ಟಿಗೆ ಹೇಳಬೇಕಂದ್ರ, ಮನ್ಯಾಗ ಸೂತಕ ಇದ್ದಾಗನ ಅವು ಹುಡುಕ್ಕೊಂಡು ಬಂದಾವ.

ನಾನೇನು ನಗೂ ಮನಷ್ಯಾ ಅಲ್ಲ. ನನ್ನ ಮಾರಿ ನೋಡಿ ಊರ ಹೆಣ್ಮಕ್ಕಳು, "ಮಾಸ್ತರ ಕಡಿಯವರು ಯಾರರ ತೀರ್ಕೊಂಡಾರೇನು?" ಅಂತ ಕೇಳತಿದ್ರು. ಒಮ್ಮೊಮ್ಮೆ ಖರೇನ ತೀರ್ಕೊಂಡಿರ್ತಿದ್ರು.

ಆಗ ನಿಜಾಮರ ರಾಜ್ಯ. ಕುಷ್ಟಗಿ ಸೀಮ್ಯಾಗ ಒಂದು ಹಳ್ಳಿ. ಸಾಲಿ ಅಂದ್ರ ಹನುಮಪ್ಪನ ಗುಡಿಯ ಪೌಳಿ. ಪುಸ್ತಕ ಉರ್ದುವಿನ್ಯಾಗ, ಬೈಗುಳ ಕನ್ನಡದಾಗ. ಹುಡುಗ್ರು ಎರಡನೇದನ್ನ ಲಗೂನ ಕಲೀತಿದ್ರು.

ನಾ ಹೇಳೂದು ಒಂದ ವರ್ಷದ ಮಾತು. ಅದರ ಹಿಂದಿನ ಶ್ರಾವಣದಾಗ ನನ್ನ ಹೆಂಡತಿ ಚೊಚ್ಚಲ ಬಸುರಿ. ಆಕಿ ತವರು ವಿರೂಪಾಪುರಗಡ್ಡಿ. ಸುತ್ತ ತುಂಗಭದ್ರಿ, ನಡುವ ಭತ್ತದ ಗದ್ದಿ. ಹೆರಿಗಿಗೆ ಅಂತ ಚಕ್ಕಡಿ ಕಟ್ಟಿಸಿ ಕರಕೊಂಡು ಹೋದೆ. ಹೊಳಿ ತುಂಬಿ ಬಂದಿತ್ತು. ಹರಗೋಲದಾಂವ ಹುಟ್ಟು ಮುಟ್ಟಲಿಲ್ಲ. ಆಚಿ ದಂಡಿಗೆ ಅವರವ್ವ ನಿಂತು ಕೈ ಮಾಡಿ ಕರೀತಿದ್ಲು, ಈಚಿ ದಂಡಿಗೆ ಇಕಿ ಹೊಟ್ಟಿ ಹಿಡಕೊಂಡು ನಿಂತಿದ್ಲು. ನೀರು ಇಳೀಲಿಲ್ಲ, ನಾವು ತಿರುಗಿ ಬಂದ್ವಿ. ಕೂಸು ನಮ್ಮ ಹಳ್ಳ್ಯಾಗ ಹುಟ್ಟಿತು. ಹೆಣ್ಣು. ಅಳಲೇ ಇಲ್ಲ.

ಅವತ್ತಿನಿಂದ ಆಕಿ ಮಾತು ಬಿಟ್ಲು. ನನ್ನ ಜೋಡಿ ಅಷ್ಟ ಅಲ್ಲ, ಯಾರ ಜೋಡಿನೂ. ಕೆಲಸ ಎಲ್ಲಾ ಮಾಡ್ತಿದ್ಲು. ನನ್ನ ಊಟಕ್ಕ ಕರೀಬೇಕಂದ್ರ ತಂಬಿಗಿ ನೆಲಕ್ಕ ಕುಕ್ಕತಿದ್ಲು, ಆ ಸಪ್ಪಳಕ್ಕ ನಾ ಎದ್ದು ಹೋಗ್ತಿದ್ದೆ. ಆಕಿ ಬಾಯಿಂದ ಒಂದು ಮಾತು ಬರಲಿ, ಬೈಗುಳನ ಇರವಲ್ದ್ಯಾಕ, ಅನ್ನೂದು ಬಿಟ್ರ ಆ ವರ್ಷ ನನಗ ಬ್ಯಾರೆ ಆಸೆ ಇದ್ದಿಲ್ಲ.

ಲಡಾಯಿ ತೋಟ

ಮುಂದಿನ ಮಳಿಗಾಲಕ್ಕ ಮ್ಯಾಲಿಂದ ಹುಕುಂ ಬಂತು. ದೂರ ದೇಶದಾಗ ಲಡಾಯಿ ನಡದೈತಿ, ತಿನ್ನೂ ಕಾಳು ಕಡಿಮಿ ಬಿದ್ದಾವ, ಪ್ರತಿ ಸಾಲ್ಯಾಗ ಹುಡುಗ್ರು ತೋಟ ಮಾಡಬೇಕು, ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡತಾರ ಅಂತ. ನಾ ಹುಡುಗ್ರಿಗೆ ಓದಿ ಹೇಳಿದೆ.

ಕುಂಬಾರರ ಹುಡುಗಿ ಎದ್ದು ನಿಂತ್ಲು. ಹಾಜರಿಯಾಗ ಆಕಿ ಹೆಸರ ಇದ್ದಿಲ್ಲ. ತಮ್ಮನ್ನ ಟೊಂಕದ ಮ್ಯಾಲ ಹೊತಗೊಂಡು ಬಂದು ಕಂಬಕ್ಕ ಆನಕೊಂಡು ಕುಂಡ್ರತಿದ್ಲು. ಹೆಸರಿದ್ದವರಿಗೆಲ್ಲಾ ಆಕಿನ ಯಜಮಾನ್ತಿ.

"ನಮ್ಮ ಬದನಿಕಾಯಿ ಲಡಾಯಿಗೆ ಹೋಗ್ತಾವೇನ್ರಿ?"

"ಇಲ್ಲ, ಇಲ್ಲೇ ಇರ್ತಾವ."

"ಹಂಗಾದ್ರ ಲಡಾಯ್ಯಾಗ ಇದ್ದವರು ಏನು ತಿಂತಾರ್ರಿ?"

ಹುಕುಮಿನ ಹಾಳಿ ತಿರುವಿ ಹಿಂದೂ ನೋಡಿದೆ. ಕುಂಡ್ರು ಅಂದೆ.

ಗುಡಿ ಹಿಂದಿನ ಜಾಗ ಬರೇ ಗರಸು. ಗುದ್ದಲಿ ಹಾಕಿದ್ರ ಕಿಡಿ ಹಾರತಿದ್ವು. ನಮ್ಮೂರ ಬಾವಿ ಎಷ್ಟು ಆಳ ಅಂದ್ರ, ಕೊಡ ಬಿಟ್ಟಾಕಿ ಹಗ್ಗ ಜಗ್ಗೂದ್ರೊಳಗ ಊರ ಸುದ್ದಿ ಎಲ್ಲಾ ಮುಗೀತಿತ್ತು. ಅದಕ್ಕ ಹುಡುಗ್ರು ಮನ್ಯಾಗ ಕೈ ತೊಳದ ನೀರು, ಮುಸುರಿ ನೀರು ತಂಬಿಗ್ಯಾಗ ತಂದು ಹಾಕತಿದ್ರು. ಬೀಜಕ್ಕ ಗತಿ ಇದ್ದಿಲ್ಲ. ಸಂಜಿಕ ಮನಿಗೆ ಹೋಗಿ ಗ್ವಾಡಿ ಮುಂದ, "ಬೀಜ ಇಲ್ಲ" ಅಂದೆ. ಹೆಂಡತಿ ಮಾತಾಡದ ಮನ್ಯಾಗ ಗಂಡಗ ಗ್ವಾಡಿ ಜೋಡಿ ಮಾತಾಡೂದು ರೂಢಿ ಆಗತೈತಿ.

ಮರುದಿನ ಕುಂಬಾರರ ಹುಡುಗಿ ಒಂದು ಅರಿವಿ ಗಂಟು ತಂದ್ಲು. "ನಿಮ್ಮ ಮನ್ಯಾಗಿನವರು ಕರದು ಕೊಟ್ರು. ಏನೂ ಅನ್ನಲಿಲ್ರಿ, ಕೈಯಾಗ ಇಟ್ರು, ಅಷ್ಟ." ಬಿಚ್ಚಿದ್ರ ಕುಂಬಳ ಬೀಜ. ಆ ಗಂಟು ನನಗ ಗುರ್ತಿತ್ತು. ಮದುವಿ ಆಗಿ ಬರೂ ಮುಂದ ಆಕಿ ಗಡ್ಡಿಯಿಂದ ತಂದಿದ್ದು, ಹಿತ್ತಲದಾಗ ಹಾಕಬೇಕಂತ. ಹಾಕೂ ಮನಸು ಆಮ್ಯಾಲ ಬರಲಿಲ್ಲ.

ಉಳದ ಹುಡುಗ್ರೂ ತಮ್ಮ ತಮ್ಮ ಬೀಜ ತಂದು ಹಾಕಿದ್ರು. ಪಿಂಜಾರರ ಹುಡುಗ ಒಂದು ಸಾಲು ಪೂರಾ ಕಡ್ಲಿ ಬಿತ್ತಿದ. ವಾರ ಕಳದ್ರೂ ಒಂದೂ ಹುಟ್ಟಲಿಲ್ಲ. ನಾ ಕೆದರಿ ನೋಡಿದೆ. ಹುರಿಗಡ್ಲಿ.

"ಹುರದು ಯಾಕ ಬಿತ್ತಿದ್ಯೋ?"

"ಹಸೀವು ಹುಳ ಹಿಡೀತಾವ್ರಿ. ಗಟ್ಟಿ ಆಗಲಿ ಅಂತ ಹುರಿಸಿಕೊಂಡು ಬಂದೆ."

"ಅರ್ಧ ಸಾಲಿನ್ಯಾಗ ಅವೂ ಇಲ್ಲಲ್ಲೊ."

"ಅವಕ್ಕ ನಮ್ಮವ್ವ ಉಪ್ಪು ಖಾರ ಹಚ್ಚಿದ್ಲು. ಬಿತ್ತಾಕ ಮನಸು ಬರಲಿಲ್ರಿ."

ಕೆದರಿ ನೋಡೂದು

ಖರೇ ಬೀಜ ಹಾಕಿದವರ ಪಾಡೂ ಅಷ್ಟರಾಗ ಇತ್ತು. ಹುಡುಗ್ರು ದಿನಾ ಮುಂಜಾನೆ ಬಂದು ಮಣ್ಣು ಸರಿಸಿ ಬೀಜ ಹೊರಗ ತಗದು, ಮೊಳಕಿ ಬಂದೈತೇನು ಅಂತ ನೋಡಿ, ತಿರುಗಿ ಮುಚ್ಚತಿದ್ರು. ಹಿಂಗ ನೋಡಿಸಿಕೊಂಡ ಎಷ್ಟೋ ಅವರಿ ಬೀಜ ಬ್ಯಾಸತ್ತು ಕೊಳತು ಹೋದ್ವು.

ನಾ ಸಿಟ್ಟಿಗೆದ್ದು ಹೇಳಿದೆ, "ಕೆದರಬ್ಯಾಡ್ರಿ. ಅದರ ಪಾಡಿಗೆ ಅದನ್ನ ಬಿಡ್ರಿ. ತಾನಾಗೇ ಬರತೈತಿ."

"ಬರದಿದ್ರ?" ಅಂದ ಪಿಂಜಾರರ ಹುಡುಗ.

"ಬರದಿದ್ರ ಬರೂದಿಲ್ಲ. ಕೆದರಿದ್ರಂತೂ ಖಂಡಿತ ಬರೂದಿಲ್ಲ."

ದೊಡ್ಡ ಮಾತು ಹೇಳಿದೆ ಅನಸಿತು. ಅವತ್ತ ಮನಿಗೆ ಹೋದ ಕೂಡ್ಲೆ ಹೆಂಡತಿ ಮಾರಿ ನೋಡಿದೆ. ಮುಂಜಾನೆ ನೋಡಿದ್ದೆ, ನಿನ್ನೆ ನೋಡಿದ್ದೆ, ದಿನಾ ಹಿಂಗ ಬಗ್ಗಿ ಬಗ್ಗಿ ನೋಡತಿದ್ದೆ, ಮಾತು ಮೊಳಕಿ ಒಡದೈತೇನು ಅಂತ. ಅಂಥಾ ಹೊತ್ತಿನ್ಯಾಗ ಆಕಿ ಮಾರಿ ತಿರುವಿಕೊಂಡು ಒಲಿ ಮುಂದ ಹೋಗಿ ಕುಂಡ್ರತಿದ್ಲು. ಹುಡುಗ್ರಿಗೆ ಬೈಯೂ ಯೋಗ್ಯತಾ ನನಗ ಇದ್ದಿಲ್ಲ ಬಿಡ್ರಿ.

ಮರುದಿನ ಮುಂಜಾನೆ ತೋಟಕ್ಕ ಹೋದ್ರ ಕುಂಬಾರರ ಹುಡುಗಿ ಒಬ್ಬಾಕಿನ ಕುಂತು ಲಗುಬಗಿಲೆ ಮಣ್ಣು ಮುಚ್ಚಾಕ ಹತ್ತಿದ್ಲು. ನನ್ನ ಹೆಜ್ಜಿ ಸಪ್ಪಳ ಕೇಳಿ ಕುಂಬಳ ಬೀಜಕ್ಕ ಮೆಲ್ಲಕ ಹೇಳಿದ್ಲು:

"ಕಣ್ಣ ಮುಚ್ಚಿಕೊ, ಮಾಸ್ತರ ಬಂದ್ರು. ನಾ ನಿನ್ನ ನೋಡೇ ಇಲ್ಲ."

ಮಾತಾಡದ ಮಾಸ್ತರ

ಅಷ್ಟಾದ್ರೂ ಕುಂಬಳ ಹುಟ್ಟಿತು. ಒಂದಿಷ್ಟು ಬದನಿ, ಅವರಿನೂ ಹುಟ್ಟಿದ್ವು. ಹಕ್ಕಿ ಕಾಯಾಕ ಬೆದರು ಗೊಂಬಿ ಬೇಕಂದ್ರು ಹುಡುಗ್ರು. ನನ್ನ ಹಳೇ ಕರೀ ಕೋಟು, ರುಮಾಲ ಕೊಟ್ಟೆ. ಗಡಿಗಿ ಮಾರಿ ಮಾಡಿದಾಕಿ ಕುಂಬಾರರ ಹುಡುಗಿ. ಬಾಯಿ ಕೆಳಗ ಜೋತುಬಿದ್ದಿತ್ತು. "ಯಾಕ ಹಿಂಗ ಬರದಿ?" ಅಂದ್ರ, "ನಿಮ್ಮಂಗ ಬರಿ ಅಂದ್ರು ಎಲ್ಲಾರೂ" ಅಂದ್ಲು.

ನಮ್ಮೂರ ಪಿಂಜಾರ, ಅಂದ್ರ ಹುರಿಗಡ್ಲಿ ಬಿತ್ತಿದವನ ಅಪ್ಪ, ಅರಳಿ ಹಿಂಜೂ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಾಂವ. ಕಣ್ಣು ಸ್ವಲ್ಪ ಮಂದ. ಒಂದಿನ ಸಂಜಿಕ ಗುಡಿ ಹಿಂದ ಹಾದು ಹೋಗೂ ಮುಂದ ನಿಂತು, "ಸಲಾಂ ಮಾಸ್ತರ" ಅಂದ. ಜವಾಬಿಲ್ಲ. "ನನ್ನ ಮಗಾ ಹೆಂಗ ಓದತಾನ್ರಿ?" ಜವಾಬಿಲ್ಲ. ಆಮ್ಯಾಲ ಅಲ್ಲೇ ನಿಂತು ಮಗನ ತಪ್ಪೆಲ್ಲಾ ಒಂದೊಂದಾಗಿ ಒಪ್ಪಿಕೊಂಡ. ನನಗ ಗೊತ್ತಿಲ್ಲದ ತಪ್ಪನ್ನೂ ಹೇಳಿದ. ಕಡೀಕ ಕೈ ಮುಗದು ಹೋದ.

ಮರುದಿನ ನಾ ಹಾದ್ಯಾಗ ಸಿಕ್ಕು, "ಏನಪಾ, ಆರಾಮೇನು?" ಅಂದ್ರ ಬೆಚ್ಚಿಬಿದ್ದ. "ನಿನ್ನೆ ಅಷ್ಟು ಸಿಟ್ಟಿನ್ಯಾಗ ಇದ್ದವರು ಇವತ್ತು ತಾವ ಮಾತಾಡಸತೀರಲ್ರಿ?" ವಿಷಯ ತಿಳದ ಮ್ಯಾಲ ನಾ ಕೇಳಿದೆ, "ಅಲ್ಲೊ ಮಾರಾಯಾ, ಗೊಂಬಿ ಅಷ್ಟೊತ್ತು ಮಾತಾಡದ ನಿಂತಿದ್ದಕ್ಕ ನಿನಗ ಅನುಮಾನ ಬರಲಿಲ್ಲೇನು?"

"ಹೆಂಗ ಬರತೈತ್ರಿ? ನಿಮ್ಮ ಮನ್ಯಾಗ ಯಾರೂ ಮಾತಾಡೂದಿಲ್ಲ ಅಂತ ಊರಿಗೆಲ್ಲಾ ಗೊತ್ತೈತಿ."

ಬಯಕಿ ಊಟ

ಸೀಗಿ ಹುಣ್ಣಿಮಿ ಬಂತು. ಭೂಮಿತಾಯಿ ಬಸುರಿ ಅಂತ ನಮ್ಮ ಕಡೆ ಒಕ್ಕಲಿಗರು ಅವತ್ತ ಹೊಲಕ್ಕ ಬಯಕಿ ಊಟ ಒಯ್ತಾರ. ಕುಂಬಳ ಬಳ್ಳಿಗೆ ಆಗ ಒಂದ ಒಂದು ಕಾಯಿ ಹಿಡದಿತ್ತು, ಹಸುಗೂಸಿನ ತಲಿಯಷ್ಟು.

"ಎಲ್ಲಾರ ಹೊಲಕ್ಕೂ ಊಟ ಆತು. ನಮ್ಮಾಕಿಗೆ ಬ್ಯಾಡೇನು?" ಅಂದ್ಲು ಕುಂಬಾರರ ಹುಡುಗಿ.

ಹುಡುಗ್ರು ಮನಿ ಮನಿಯಿಂದ ಕಡುಬು, ಪುಂಡಿಪಲ್ಲೆ, ಸಜ್ಜಿ ರೊಟ್ಟಿ ತಂದ್ರು. ಬಳ್ಳಿ ಬುಡಕ್ಕ ಕುಂಕುಮ ಹಚ್ಚಿದ್ರು. ಹುಡುಗಿ ತನ್ನ ಹಸರು ಬಳಿ ತಗದು ಬಳ್ಳಿ ಕುಡಿಗೆ ಏರಿಸಿದ್ಲು. ಚಿಂದಿ ಒಂದನ್ನ ಬಸುರಿಗೆ ತೊಡಿಸೂ ಕುಬಸ ಅಂತ ಹೊದಿಸಿದ್ರು. ಆಮ್ಯಾಲ ದೊಡ್ಡ ಚರ್ಚಾ, ಕುಂಬಳಕ್ಕ ಯಾವುದರ ಬಯಕಿ ಇರತೈತಿ ಅಂತ.

ಪಿಂಜಾರರ ಹುಡುಗ ತಿಳದವನಂಗ ಹೇಳಿದ, "ನನ್ನ ತಂಗಿ ಹುಟ್ಟೂ ಮುಂದ ನಮ್ಮವ್ವ ಹುಣಸಿಕಾಯಿ ಬೇಡತಿದ್ಲು. ಮ್ಯಾಲ ಮಣ್ಣು ತಿಂತಿದ್ಲು."

"ಮಣ್ಣು ಇಲ್ಲೇ ಐತಿ, ಹುಣಸಿಕಾಯಿ ತರ್ರಿ" ಅಂತ ಹುಕುಂ ಆತು.

ನಾ ಬೈದು ಬಿಡಿಸಬೇಕಿತ್ತು. ಕುಬಸ, ಬಯಕಿ ಅನ್ನೂ ಮಾತು ಕೇಳಿದ ಕೂಡ್ಲೆ ನಾ ಬೆನ್ನ ತಿರುವಿದೆ. ಒಳಗ ಹೋಗಿ ಪೌಳ್ಯಾಗ ಕುಂತೆ.

ಹುಡುಗ್ರು ಊಟ ಬಡಿಸಿಟ್ಟು ಮನಿಗೆ ಹೋದ್ರು. ಕಡುಬಿನ ವಾಸನಿಗೆ ಒಂದು ಆಡು ಬಂತು. ಊಟ ಮುಗಿಸಿ ಬದನಿ ಗಿಡ ತಿಂತು, ಅವರಿ ಬಳ್ಳಿನೂ ತಿಂತು. ಕುಂಬಳಕ್ಕ ಸುತ್ತ ಜಾಲಿ ಮುಳ್ಳು ಹಚ್ಚಿದ್ದಕ್ಕ ಅದೊಂದು ಉಳೀತು. ನಾ ಬಡಿಗಿ ತಗೊಂಡು ಓಡಿದೆ. ಹುಣಸಿಕಾಯಿ ತಗೊಂಡು ತಿರುಗಿ ಬಂದಿದ್ದ ಪಿಂಜಾರರ ಹುಡುಗ ಅಡ್ಡ ಬಂದ.

"ಹೊಡೀಬ್ಯಾಡ್ರಿ ಮಾಸ್ತರ. ಅದೂ ಬಸುರಿ ಐತಿ."

ನೋಡಿದೆ. ಖರೇನ ಬಸುರಿ ಇತ್ತು.

ಚೊಚ್ಚಲ ಹೆರಿಗಿ

ಅಷ್ಟರಾಗ ಇನ್‌ಸ್ಪೆಕ್ಟರ್ ಸಾಹೇಬರು ಬರೂ ದಿನ ಬಂತು. ಆ ಕಾಲಕ್ಕ ಸಾಲಿ ಸೂಟಿ ಶುಕ್ರವಾರ. ಅವತ್ತ ನಾ ಕುಷ್ಟಗಿಗೆ ಹೋಗಿ ಅಲ್ಲೇ ಉಳದು, ಶನಿವಾರ ಮುಂಜಾನೆ ಅವರನ್ನ ಚಕ್ಕಡ್ಯಾಗ ಕುಂದ್ರಿಸಿಕೊಂಡು ಹೊಂಟೆ. ವಯಸ್ಸಾದ ಮನಷ್ಯಾ, ಬಿಳೀ ಗಡ್ಡ, ಮೆಲ್ಲನ ಮಾತು. ತೋಟದಾಗ ಏನೇನೈತಿ ಅಂದ್ರು. ಕುಂಬಳಕಾಯಿ ಬಿಟ್ರ ಹೇಳಾಕ ಏನೂ ಇದ್ದಿಲ್ಲ, ಅದಕ್ಕ ದಾರಿ ತುಂಬ ಅದನ್ನ ವರ್ಣಿಸಿದೆ. ಚಕ್ಕಡಿ ಕುಲಕಿದಂಗೆಲ್ಲಾ ಕಾಯಿ ದೊಡ್ಡದಾಗತಾ ಹೋತು.

ಗುಡಿ ಹಿಂದ ಹೋಗಿ ನೋಡತೀನಿ, ಮುಳ್ಳಿನ ನಡುವ ಒಂದು ತಗ್ಗು. ಬಳ್ಳಿ ಇಲ್ಲ, ಕಾಯಿನೂ ಇಲ್ಲ. ನನ್ನ ಕೋಟು ಹಾಕಿಕೊಂಡ ಗೊಂಬಿ ಜೋತುಬಿದ್ದ ಮಾರೀಲೆ ತಗ್ಗನ್ನ ನೋಡಕೋತ ನಿಂತಿತ್ತು. ನಾನೂ ಅದರ ಬಾಜೂಕ ಹಂಗ ನಿಂತೆ. ಸಾಹೇಬರು ಒಮ್ಮೆ ಅದನ್ನ, ಒಮ್ಮೆ ನನ್ನ ನೋಡಿದ್ರು.

"ಮಾಸ್ಟರ್, ಕುಂಬಳ?"

ನಾ ಹುಡುಗ್ರ ಕಡೆ ನೋಡಿದೆ. ಹುಡುಗ್ರು ತಲಿಗೆ ಎಣ್ಣಿ ಹಚ್ಚಿಕೊಂಡು ಸಾಲಾಗಿ ನಿಂತಿದ್ರು, ಒಬ್ಬರೂ ಹೆದರಿದಂಗ ಕಾಣಲಿಲ್ಲ. ಸಾಹೇಬರು ಅವರ ಕಡೆ ತಿರುಗಿ, ತಾವು ಎಲ್ಲಾ ಸಾಲ್ಯಾಗ ಕೇಳೂ ಪ್ರಶ್ನೆ ಕೇಳಿದ್ರು, "ಬೇಟಾ, ಈ ತೋಟದಿಂದ ನೀವು ಏನು ಕಲತ್ರಿ?"

ಕುಂಬಾರರ ಹುಡುಗಿ ತಮ್ಮನ್ನ ಈ ಟೊಂಕದಿಂದ ಆ ಟೊಂಕಕ್ಕ ಹಾಕಿಕೊಂಡು ಮುಂದ ಬಂದ್ಲು.

"ಚೊಚ್ಚಲ ಹೆರಿಗಿ ತವರ ಮನ್ಯಾಗ ಆಗಬೇಕು ಅಂತ ಕಲತ್ವಿ, ಸಾಹೇಬರ."

ಸಾಹೇಬರು ನನ್ನ ಮಾರಿ ನೋಡಿದ್ರು. ಹುಡುಗಿ ತಿಳಿಸಿ ಹೇಳಿದ್ಲು, "ಬಳ್ಳಿಗೆ ಕುಬಸ ಆಗಿತ್ರಿ. ಕುಬಸ ಆದ ಮ್ಯಾಲ ತವರಿಗೆ ಕಳಿಸಬೇಕು. ಬೀಜ ಯಾರ ಮನ್ಯಾಂದೋ ಅದ ತವರು. ಅದಕ್ಕ ಬೇರು ಮಣ್ಣು ಸಹಿತ ಅಗದು ಬುಟ್ಟ್ಯಾಗಿಟ್ಟು ನಿನ್ನೆ ಮಾಸ್ತರ ಮನಿಗೆ ಕಳಿಸಿ ಬಂದ್ವಿ."

"ಯಾರು ಹೇಳಿದ್ರು ನಿನಗ ಇದನ್ನ?" ಅಂದೆ ನಾನು.

"ನಮ್ಮವ್ವ ಹೇಳ್ಯಾಳ್ರಿ. ಮಾಸ್ತರ ಹೆಂಡತಿ ಹೊಳಿ ದಾಟಿ ತವರಿಗೆ ಮುಟ್ಟಲಿಲ್ಲ, ಅದಕ್ಕ ಕೂಸು ಉಳೀಲಿಲ್ಲ ಅಂತ. ನಮ್ಮಾಕಿಗೆ ಹಂಗಾಗಬಾರದು ನೋಡ್ರಿ. ಹೊಳಿ ಬರೂದ್ರೊಳಗ ಒಯ್ದ್ವಿ."

ನಮ್ಮ ಹಳ್ಳಿಗೆ ಹೊಳಿ ಎಲ್ಲಿಂದ ಬರಬೇಕು. ಹಳ್ಳನೂ ಇಲ್ಲ. ನನಗ ಹೆದರಿಕಿ ಆತು. ತೋಟ ಹೋಗಿದ್ದಕ್ಕಲ್ಲ. ಈ ಹುಡುಗ್ರು ಬುಟ್ಟಿ ಹೊತಗೊಂಡು ಹೋಗಿ ಇದ ಮಾತು ಆಕಿ ಮುಂದ ಆಡಿದ್ರ, ಆಕಿ ಗತಿ ಏನಾಗಿರಬೇಕು? ರಾತ್ರಿ ಒಬ್ಬಾಕಿನ ಇದ್ಲು ಮನ್ಯಾಗ.

ಸಾಹೇಬರು ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡ್ರು. "ಮನಿ ಎಲ್ಲೈತಿ? ನೋಡೂಣು ನಡೀರಿ" ಅಂದ್ರು.

ಮುಂದ ನಾನು, ಹಿಂದ ಸಾಹೇಬರು, ಅವರ ಹಿಂದ ಇಡೀ ಸಾಲಿ. ಬಾವಿ ಕಟ್ಟಿ ಹತ್ತಿರ ಪಿಂಜಾರರ ಹುಡುಗ ಕೈ ತೋರಿಸಿದ, "ಇಲ್ಲೇ ಆತ್ರಿ."

"ಏನು ಆತು?"

"ಹೆರಿಗಿ. ಬುಟ್ಟಿ ಓರಿ ಆಗಿ ಕಾಯಿ ಕಳಚಿಬಿತ್ತು. ತವರು ಮುಟ್ಟೂತನ ತಡೀಲಿಲ್ಲ."

ಮನಿ ಬಂತು. ಬಾಗಿಲು ಅರ್ಧ ತಗದಿತ್ತು. ನಾ ಕೆಮ್ಮಿದೆ. ಹೆಂಡತಿ ಬಂದು ಹೊಚ್ಚಲದ ಮ್ಯಾಲ ನಿಂತ್ಲು, ತಲಿ ತುಂಬ ಸೆರಗು, ಒಂದು ಕೈ ಬಾಗಿಲಿಗೆ ಅಡ್ಡ. ಕಣ್ಣು ಕೆಂಪಗಾಗಿದ್ವು.

ಸಾಹೇಬರು ಹೇಳಿದ್ರು, "ಬೇಟಿ, ನಾನು ಸಾಲಿ ಇನ್‌ಸ್ಪೆಕ್ಟರ್. ಒಳಗ ಬಂದು ಕುಂಬಳ ನೋಡಬೇಕು."

ತಂಬಿಗಿ ಸಪ್ಪಳ ಆಗತೈತಿ ಅಂತ ನಾ ಕಾದೆ. ಆಗಲಿಲ್ಲ. ಆಮ್ಯಾಲ ಒಡಕು ಧ್ವನಿ ಬಂತು, ತುಕ್ಕು ಹಿಡದ ಕೀಲಿ ತಗದಂಗ.

"ಗಂಡಸರು ಒಳಗ ಬರೂ ಹಂಗಿಲ್ರಿ. ಬಾಣಂತಿ ಅದಾಳ."

ನಾ ಅಲ್ಲೇ ಗ್ವಾಡಿ ಹಿಡಕೊಂಡೆ. ಸಾಹೇಬರು ಹೊಚ್ಚಲಕ್ಕ ಇಟ್ಟ ಕಾಲು ಹಿಂದ ತಗದ್ರು. ಹೆಣ್ಣುಮಕ್ಕಳ ತಂದಿ ಇರಬೇಕು, ನಗಲಿಲ್ಲ. ಹೊರಗ ನಿಂತ ಕೇಳಿದ್ರು, "ಏನು ಕೂಸು ತಾಯೀ?"

"ಹೆಣ್ಣು."

ಆಕಿ ಕೈ ಕೆಳಗಿಂದ ನಾ ಬಗ್ಗಿ ನೋಡಿದೆ. ಬಚ್ಚಲ ಮೂಲ್ಯಾಗ, ಬಾಣಂತಿಗೆ ನೀರು ಹಾಕೂ ಜಾಗದಾಗ ಬಳ್ಳಿ ನೆಟ್ಟಿದ್ಲು, ಎಲಿ ಎಲ್ಲಾ ಬಾಡಿ ಮಕ್ಕೊಂಡಿದ್ವು. ಅದರ ಬಾಜೂಕ ಮೊರದಾಗ ಕುಂಬಳಕಾಯಿ. ಅದಕ್ಕೊಂದು ಕೆಂಪು ಕುಂಚಿಗಿ ಹಾಕಿದ್ಲು. ಹೋದ ವರ್ಷ ನಮ್ಮ ಕೂಸಿಗಂತ ಆಕಿನ ಹೊಲದಿದ್ದು. ಪೆಟಗಿ ತಳದಾಗ ಇತ್ತು, ನಾ ಮುಟ್ಟಿದ್ದಿಲ್ಲ.

"ಮುಬಾರಕ್" ಅಂದ್ರು ಸಾಹೇಬರು. ಹೊಂಡೂ ಮುಂದ ನನ್ನ ಹೆಗಲ ಮ್ಯಾಲ ಕೈ ಇಟ್ರು. "ಮಾಸ್ಟರ್, ದಾರಿ ತುಂಬ ಕುಂಬಳದ ಮಾತು ಹೇಳಿದ್ರಿ. ಅಜ್ಜ ಆಗೀನಿ ಅಂತ ಮಾತ್ರ ಹೇಳಲಿಲ್ಲ."

ಅವರನ್ನ ಚಕ್ಕಡಿಗೆ ಹತ್ತಿಸಿ ಓಡಿಕೋತ ಮನಿಗೆ ಬಂದೆ. ವರ್ಷದ ಮಾತು ಎದ್ಯಾಗ ಹಿಡಕೊಂಡು ಮೆಟ್ಟಲಕ್ಕ ಕಾಲಿಟ್ಟೆ. ಆ ಕೈ ಇನ್ನೂ ಬಾಗಿಲಿಗೆ ಅಡ್ಡ ಇತ್ತು.

"ನೀವೂ ಅಷ್ಟ," ಅಂದ್ಲು. "ಹೊರಗ ಇರ್ರಿ. ಕರದಾಗ ಬರ್ರಿ."

ವರ್ಷದಿಂದ ಕಾದ ಮಾತು. ನನ್ನ ಮನಿಯಿಂದ ನನ್ನ ಹೊರಗ ಹಾಕಾಕ ಬಂತು. ಹೊರಗಿನ ಕಟ್ಟಿ ಮ್ಯಾಲ ಕುಂತೆ. ಒಳಗ ಆಕಿ ಕುಂಬಾರರ ಹುಡುಗಿಗೆ ನೀರು ತಾ, ಮೆಲ್ಲಕ ಹಾಕು, ಅಂತ ಹೇಳೂದು ಕೇಳತಿತ್ತು. ಬಳ್ಳಿ ಬದುಕೂ ಹಂಗಿಲ್ಲ ಅಂತ ನನಗ ಗೊತ್ತಿತ್ತು, ಗಡ್ಡ್ಯಾಗ ಬೆಳದಾಕಿಗೆ ನನಗಿಂತ ಚೊಲೋ ಗೊತ್ತಿತ್ತು. ಆದ್ರೂ ನೀರು ಹಾಕಸತಿದ್ಲು. ನಾ ಮಾರಿ ಜೋತುಬಿಟ್ಟುಕೊಂಡು ಅಳ್ಳಾಡದ ಕುಂತು ಕೇಳಿದೆ.

ಹಿಂಗ ಎಷ್ಟು ಹೊತ್ತು ಕುಂತಿದ್ನೊ. ಪಿಂಜಾರ ಬಿಲ್ಲು ಹೊತಗೊಂಡು ಆ ಹಾದಿ ಹಿಡದು ಬಂದ. ನನ್ನ ನೋಡಿ ನಿಂತ. ಸಲಾಂ ಮಾಡಲಿಲ್ಲ. ಹತ್ತಿರ ಬಂದು ಬಿಲ್ಲಿನ ತುದೀಲೆ ನನ್ನ ಎದಿಗೆ ಮೆಲ್ಲಕ ತಿವಿದ. ಮತ್ತೊಮ್ಮೆ ತಿವಿದ. ಬಗ್ಗಿ ಮಾರಿ ಹತ್ತಿರ ಮಾರಿ ತಂದ.

"ಕಣ್ಣಾಗ ನೀರು ಐತಿ," ಅಂತ ತನ್ನಷ್ಟಕ್ಕ ತಾನ ಹೇಳಿಕೊಂಡ. "ಹಂಗಾದ್ರ ಇದು ಖರೇ ಮಾಸ್ತರನ. ಸಲಾಂ ರೀ."

ಒಳಗ ಯಾರೋ ನಕ್ಕರು. ಹುಡುಗಿ ಇರಬೇಕು ಅನಕೊಂಡೆ. ಹುಡುಗಿ ತಮ್ಮನ್ನ ಹೊತಗೊಂಡು ತಂಬಿಗಿ ಹಿಡದು ಆಗಲೇ ದೂರ ಬಾವಿ ಕಡೆ ಹೊಂಟಿದ್ದು ಆಮ್ಯಾಲ ಕಾಣಿಸಿತು.